ಥಂಡಿ ಖೋಲಿಯ ಸೇವಂತಿ

ಪಕ್ಷಮಾಸ ಬಂತೆಂದರೆ ಪುಣೆಯ ಹೂವಿನವರಿಗೆ ಕೈಕಟ್ಟಿ ಕೂಡುವ ಕಾಲ. ಗಣಪತಿ ನೀರಿಗೆ ಹೋಗಿರುತ್ತಾನೆ, ದೇವಿ ಇನ್ನೂ ಘಟಕ್ಕೆ ಬಂದಿರುವುದಿಲ್ಲ. ನಡುವಿನ ದಿನಗಳಲ್ಲಿ ಊರೆಲ್ಲ ತಮ್ಮ ಸತ್ತ ಹಿರಿಯರಿಗೆ ಎಡೆ ಇಡುವುದರಲ್ಲಿ ಮುಳುಗಿರುತ್ತದೆ. ಮದುವೆ ಇಲ್ಲ, ಮುಂಜಿ ಇಲ್ಲ, ಮಂಡಈ ಮಾರುಕಟ್ಟೆಯಲ್ಲಿ ಹೂವು ಕೇಳುವ ಒಂದು ನರಪಿಳ್ಳೆ ಇಲ್ಲ. ಆದರೆ ಈ ಸಂಗತಿಯನ್ನು ಹೂವಿಗೆ ಯಾರು ಹೇಳಬೇಕು? ಸಾಸವಡದ ಹೊಲಗಳಲ್ಲಿ ಸೇವಂತಿ ಸರಿಯಾಗಿ ಅದೇ ಹೊತ್ತು ನೋಡಿ ಅರಳುತ್ತದೆ. ದಸರೆಗೆ ಬೇಕೆಂದಾಗ ಗಿಡದಲ್ಲಿ ಬರೀ ಎಲೆ ಉಳಿದಿರುತ್ತದೆ.

ಆ ವರ್ಷವೂ ಅದೇ ಹಣೆಬರಹ. ಸಾಸವಡದ ರೈತ ಏಕನಾಥನ ಗಾಡಿ ದಿವೆ ಘಾಟು ಇಳಿದು ಬಂದು ರವಿವಾರ ಪೇಟೆಯ ವಾಡೆಯೊಂದರ ಮುಂದೆ ನಿಂತಾಗ ಅದರ ತುಂಬ ಹಳದಿ ಸೇವಂತಿ. ವಾಡೆಯ ಹಿಂಬದಿಯ ಖೋಲಿಗಳಲ್ಲಿ ಧಾರವಾಡ ಸೀಮೆಯಿಂದ ಬಂದ ಹೂಗಾರರ ಸಂಸಾರ. ಮನೆಗೆ ಹಿರಿಯಳು ಬಸವಣ್ಣೆವ್ವ. ಗಂಡ ತೀರಿಕೊಂಡಾಗ ಅಂಗಡಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕೈಬಿಡದೆ ನಡೆಸಿದವಳು, ಅದನ್ನು ಯಾರೂ ಮರೆಯದ ಹಾಗೆ ನೋಡಿಕೊಂಡವಳು. ಹಿರಿಯ ಮಗ ಶಿವಪುತ್ರಪ್ಪ ಮಂಡಈಯ ಅಂಗಡಿಯಲ್ಲಿ ಕೂಡುತ್ತಿದ್ದ. ಅವನ ಹೆಂಡತಿ ಸಾವಂತ್ರವ್ವ. ಕಿರಿಯ ಮಗ ನಿಜಲಿಂಗಪ್ಪ ಹೂವಿನ ಕಸುಬು ಬಿಟ್ಟು, ನದಿಯಾಚೆ ಯೆರವಡಾ ರಸ್ತೆಯ ಬರ್ಫದ ಕಾರಖಾನೆಯಲ್ಲಿ ಮಂಜುಗಡ್ಡೆಯ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ.

ಜಗಳದ ಬೇರು ಅಲ್ಲೇ ಇತ್ತು. ಆ ಮನೆಯಲ್ಲಿ ಬೆಳಗ್ಗೆ ಹೂವಿಗೆ ಕೈ ಹಚ್ಚಿದವರೆಲ್ಲ ಸಂಜೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಪದ್ಧತಿ. ನಿಜಲಿಂಗಪ್ಪ ಕಾರಖಾನೆಗೆ ಸೇರಿದಂದಿನಿಂದ ಬಸವಣ್ಣೆವ್ವ ಅವನಿಗೆ ಬೈಯಲಿಲ್ಲ, ಮನೆ ಬಿಡು ಎನ್ನಲಿಲ್ಲ. ಅವನು ತಾಟಿನ ಮುಂದೆ ಕೂತ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ಅವನು ಕೈ ತೊಳೆದ ಮೇಲೆ ಬಂದು ಉಣ್ಣುತ್ತಿದ್ದಳು. ಕೆಲವು ದಿನ ನೋಡಿದ ಅವನು ತಾನೇ ತಾಟು ಎತ್ತಿಕೊಂಡು ಪಡಸಾಲೆಗೆ ಹೋಗಿ ಕೂತ. ಅಂದಿನಿಂದ ಅವನದು ಅಲ್ಲೇ ಊಟ.

ಸಾವಂತ್ರವ್ವನಿಗೆ ಇದು ಎದೆಯಲ್ಲಿ ಮುರಿದ ಮುಳ್ಳು. ಅವಳಿಗೆ ಮಕ್ಕಳಾಗಲಿಲ್ಲ. ಅವಳು ಮದುವೆಯಾಗಿ ಬಂದಾಗ ನಿಜಲಿಂಗಪ್ಪ ಮೂಗು ಸುರಿಸುವ ಕೂಸು. ಅವನ ತಲೆ ಎರೆದು, ಎಣ್ಣೆ ಹಚ್ಚಿ, ತುತ್ತು ಮಾಡಿ ಬಾಯಿಗಿಟ್ಟು ಬೆಳೆಸಿದವಳು ಅವಳೇ. ಈಗ ಅವನು ಒಂದು ದಿನ ರೊಟ್ಟಿ ಮುರಿಯುತ್ತ ಮೆಲ್ಲಗೆ ಹೇಳಿದ:

"ವೈನಿ, ಕಾರಖಾನಿ ಹಿಂದ ಚಾಳಿನ್ಯಾಗ ನನಗೊಂದು ಖೋಲಿ ಕೊಡ್ತಾರಂತ. ದಸರಾ ಆದಮ್ಯಾಲ ಹೋಗಿಬಿಡತೀನಿ."

"ಹೋಗಿ? ಏನ್ ಉಣ್ಣತಿ ಅಲ್ಲಿ?"

"ಇಲ್ಲಿ ಉಣ್ಣೂದು ನೀ ನೋಡಾಕತ್ತೀಯಲ್ಲ."

ಸಾವಂತ್ರವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಅವನು ಬೇಡವೆಂದರೂ ಮೇಲೆ ಬೆಣ್ಣೆ ಇಟ್ಟಳು.

ಅದೇ ವಾರ ಮಾರದೆ ಉಳಿದ ಸೇವಂತಿಯನ್ನು ಮುಠಾ ನದಿಗೆ ಸುರಿದು ಬರುವ ಪಾಳಿ ಅವಳದಾಯಿತು. ನಿನ್ನೆ ಗಿಡದಲ್ಲಿದ್ದ ಹೂವು, ಯಾರ ಮುಡಿಗೂ ಏರದೆ, ಯಾವ ದೇವರನ್ನೂ ಕಾಣದೆ ನೀರಿನಲ್ಲಿ ತೇಲಿ ಹೋಗುವುದನ್ನು ಅದು ಕಣ್ಣಿಗೆ ಮರೆಯಾಗುವವರೆಗೂ ನೋಡುತ್ತ ನಿಂತಳು. ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದವಳೇ ಎಲ್ಲರೂ ಕೇಳುವ ಹಾಗೆ ಪಡಸಾಲೆಯ ಕಡೆ ತಿರುಗಿ ನಿಜಲಿಂಗಪ್ಪನನ್ನು ಕೇಳಿದಳು:

"ನಿಂಗಪ್ಪಾ, ನಿಮ್ಮ ಕಾರಖಾನ್ಯಾಗ ಬೆಣ್ಣಿ, ಸೇಬು ಎಲ್ಲಾ ತಿಂಗಳಗಟ್ಟಲೆ ಕೆಡದಂಗ ಇಡತಾರ ಅಂತಿದ್ದಿ. ಹೂ ಇಟ್ಟರ?"

"ಹೂ ಯಾರೂ ಇಟ್ಟಿಲ್ಲ. ಆದ್ರ ಸಣ್ಣ ಥಂಡಿ ಖೋಲಿ ಒಂದು ಖಾಲಿ ಅದ. ಸೇಬು ಬರೂದು ದಸರಾ ಆದಮ್ಯಾಲ. ನಮ್ಮ ಮಾಲಕ ಸೇಠಜೀನ್ನ ಕೇಳಿದ್ರ ಅಲ್ಲೀತನಕ ಬ್ಯಾಡನ್ನಂಗಿಲ್ಲ."

ಒಳಗಿನಿಂದ ಬಸವಣ್ಣೆವ್ವನ ದನಿ ಬಂತು. "ಬರ್ಫದಾಗ ಇಡೂದು ಹೆಣಾನ. ಹೂ ಅಲ್ಲ."

"ಹೊಳಿಗೆ ಚೆಲ್ಲೂದಕ್ಕಿಂತ ಛಲೋ ಅಲ್ಲೇನ್ರಿ ಅತ್ತಿ?"

"ಯವ್ವಾ, ದಸರಾಕ್ಕ ಮಂಡಈಯಾಗ ಒಂದ ಶ್ಯಾವಂತಿ ಸಿಗಂಗಿಲ್ಲ. ಇದ್ದರ ನಮ್ಮದೊಂದ ಅಂಗಡಿ ಇರತದ" ಎಂದು ಶಿವಪುತ್ರಪ್ಪ ನಡುವೆ ಬಾಯಿ ಹಾಕಿದ.

ಬಸವಣ್ಣೆವ್ವ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತಳು. ಮಗನ ಮುಖ ನೋಡದೆ ಸೊಸೆಗೆ ಹೇಳಿದಳು. "ಇಡ್ರಿ. ದಸರಾದ ದಿನ ಆ ಹೂ ನಮ್ಮ ಮಠದ ಗದ್ದಿಗಿ ಏರಿದ್ರ ನಾ ಇವನ ಮಗ್ಗಲಾಗ ಕೂತು ಉಣ್ಣತೀನಿ. ಏರಲಿಲ್ಲ ಅಂದ್ರ ಅಂವ ಚಾಳಿಗೆ ಹೋಗಲಿ, ಯಾರೂ ಅಡ್ಡ ಬರಬಾರದು."

ಮಾತು ಅಲ್ಲಿಗೆ ನಿಂತಿತು. ಮುದುಕಿ ಒಂದು ಸಲ ಅಂದದ್ದನ್ನು ಹಿಂದೆ ತೆಗೆದುಕೊಂಡದ್ದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಮೊದಲ ಸಲ ಎಲ್ಲವೂ ತಲೆಕೆಳಗಾಯಿತು. ಬರ್ಫವೆಂದರೆ ಬರ್ಫವೇ ಎಂದುಕೊಂಡು ಶಿವಪುತ್ರಪ್ಪ ಹೂವನ್ನು ಬರ್ಫದ ಗಡ್ಡೆಗಳ ನಡುವೆ ಹೂತು ಬಂದ. ಮರುದಿನ ನಿಜಲಿಂಗಪ್ಪ ತಂದು ತೋರಿಸಿದ ಹೂವು ಒಲೆಯಿಂದ ಹಿರಿದು ತೆಗೆದ ಹಾಗೆ ಕಪ್ಪಾಗಿತ್ತು. ಬರ್ಫವೂ ಸುಡುತ್ತದೆಂದು ಆ ಮನೆಯವರಿಗೆ ಗೊತ್ತಾದದ್ದು ಅವತ್ತೇ. ಬಸವಣ್ಣೆವ್ವ ನೋಡಿ "ಹ್ಞೂಂ" ಎಂದಳು. ಆ ಒಂದು ಅಕ್ಷರದಲ್ಲಿ ಎಷ್ಟು ಸಂತೋಷವಿತ್ತೆಂದರೆ ಸಾವಂತ್ರವ್ವನಿಗೆ ಕೈಯಲ್ಲಿದ್ದ ಲಟ್ಟಣಿಗೆ ಎಸೆಯಬೇಕೆನಿಸಿತು.

"ಹೂವಿಗೆ ಬೇಕಾದದ್ದು ಬರ್ಫ ಅಲ್ಲ ವೈನಿ, ಥಂಡಿ ಹವಾ" ಎಂದ ನಿಜಲಿಂಗಪ್ಪ. "ಖೋಲ್ಯಾಗ ಹಲಗಿ ಅದಾವ. ಅದರ ಮ್ಯಾಲ ಬುಟ್ಟಿ ಇಡೂಣು. ಬರೇ ಹೂ ಬ್ಯಾಡ, ದಂಟಿನ ಸಮೇತ ಕೊಯ್ದು ಕಟ್ಟು ಕಟ್ಟಿ ಕೊಡ್ರಿ."

ಏಕನಾಥನಿಗೆ ಇದು ತಮಾಷೆಯಾಗಿ ಕಂಡಿತು. ಹೂವಿನ ಜೊತೆ ಕಡ್ಡಿಯನ್ನೂ ಕೊಳ್ಳುವ ವ್ಯಾಪಾರಿಯನ್ನು ಅವನು ಕಂಡಿರಲಿಲ್ಲ. ಆದರೂ ಪಕ್ಷಮಾಸದಲ್ಲಿ ಕೇಳುವವರಿರುವುದೇ ದೊಡ್ಡದೆಂದು ಕೊಯ್ದು ತಂದ. ಮನೆಯವರೆಲ್ಲ ಕೂತು ಕಟ್ಟು ಕಟ್ಟಿದರು. ಬುಟ್ಟಿಗಳು ಹೊಸ್ತಿಲು ದಾಟುವಾಗ ಬಸವಣ್ಣೆವ್ವ ತಂಬಿಗೆ ಹಿಡಿದು ಬಂದು, ಕೈಯಲ್ಲಿ ನೀರು ತೆಗೆದುಕೊಂಡು ಒಂದೊಂದು ಬುಟ್ಟಿಗೂ ಚಿಮುಕಿಸಿದಳು. ಅದನ್ನು ಯಾರೂ ಗಮನಿಸಲಿಲ್ಲ. ಹೂಗಾರರ ಮನೆಯ ಹೂವು ಹಿರಿಯಳ ಕೈನೀರು ಬೀಳದೆ ಹೊರಗೆ ಹೋಗುವುದೆಂದರೆ ಹೆಣ್ಣುಮಗಳು ಉಡಿ ತುಂಬಿಸಿಕೊಳ್ಳದೆ ತವರು ಬಿಟ್ಟ ಹಾಗೆ. ಜಗಳ ಎಷ್ಟೇ ಇರಲಿ, ಹೂವಿಗೆ ಆ ನೀರು ತಪ್ಪುವಂತಿರಲಿಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ನಿಜಲಿಂಗಪ್ಪ ಕಾರಖಾನೆಯಿಂದ ಬಂದವನು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತ.

"ಕೊಳತು ಹೋಗ್ಯಾವ ವೈನಿ. ಪಕಳಿ ಎಲ್ಲಾ ಲೋಳಿ ಆಗ್ಯಾವ. ನನ್ನ ಕೈಲೆ ಆಗಂಗಿಲ್ಲ ಬಿಡ್ರಿ, ನಾ ಚಾಳಿಂದು ಕೀಲಿ ಇಸಗೊಂಡು ಬಂದೀನಿ."

ಅವನು ಅಂಗಿಯ ಕಿಸೆಯಿಂದ ಕೀಲಿ ತೆಗೆದು ತೋರಿಸಿದ. ಸಾವಂತ್ರವ್ವ ಅದನ್ನು ಮುಟ್ಟಲಿಲ್ಲ.

"ಎಲ್ಲಾ ಕೊಳತಾವೇನು?"

"ಬಾಗಲ ಮಗ್ಗಲಿಂದು ಒಂದ ಬುಟ್ಟಿ ಬಿಟ್ಟು ಎಲ್ಲಾ."

"ಅದ್ಯಾಕ ಕೊಳೀಲಿಲ್ಲ?"

"ನನಗೇನ್ ಗೊತ್ತು?"

"ನಡಿ, ನಾ ನೋಡತೀನಿ" ಎಂದು ಅವಳು ಸೆರಗು ಬಿಗಿದಳು. ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ. ನದಿಯ ಸೇತುವೆ ದಾಟಿ ಯೆರವಡಾ ಕಡೆಗೆ ಅವಳು ಹೋದದ್ದು ಅದೇ ಮೊದಲು.

ಕಾರಖಾನೆಯ ಒಳಗೆ ಯಂತ್ರದ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ದಪ್ಪ ಕೊಳವೆಗಳ ಮೇಲೆ ಬಿಳಿ ಹಿಮ ಕಟ್ಟಿತ್ತು. ಬಿಸಿಲು ಸುಡುವ ಆ ಮಧ್ಯಾಹ್ನದಲ್ಲಿ ಅದನ್ನು ಕಂಡು ಅವಳು ಬೆರಳಿಂದ ಮುಟ್ಟಿ ನೋಡಿ ಗಕ್ಕನೆ ಕೈ ಹಿಂದೆಳೆದಳು. ನಿಜಲಿಂಗಪ್ಪ ಮೊಣಕೈಯಷ್ಟು ದಪ್ಪದ ಬಾಗಿಲು ಎಳೆದ. ಒಳಗೆ ಹೂವಿದೆ ಎಂಬುದು ನೆನಪಾಗಿ ಅವಳು ಚಪ್ಪಲಿ ಹೊರಗೆ ಬಿಟ್ಟಳು.

ಬಾಗಿಲು ಹಿಂದೆ ಮುಚ್ಚಿದ ಕೂಡಲೇ ಸದ್ದೆಲ್ಲ ನಿಂತಿತು. ಅಂಥ ಮೌನವನ್ನು ಸಾವಂತ್ರವ್ವ ಮಠದ ಗದ್ದಿಗೆಯ ಮುಂದೆಯೂ ಕೇಳಿರಲಿಲ್ಲ. ಅವಳ ಉಸಿರು ಹೊಗೆಯಾಗಿ ಮುಖದ ಮುಂದೆ ನಿಂತು ಕರಗಿತು. ಅಂಗಾಲಿನಿಂದ ಏರಿದ ಚಳಿ ಮೊಣಕಾಲು ಹಿಡಿಯಿತು. ನಿಜಲಿಂಗಪ್ಪ ಗೂಟದ ಮೇಲಿನ ಕಂಬಳಿ ತೆಗೆದು ಅವಳಿಗೆ ಹೊದಿಸಿ, ಕಂದೀಲು ಎತ್ತಿ ಹಿಡಿದ. ಕೊಳೆತ ಬುಟ್ಟಿಗಳನ್ನು ದಾಟಿ ಬಾಗಿಲ ಪಕ್ಕದ ಹಲಗೆಯ ಹತ್ತಿರ ಹೋದಳು. ಅಲ್ಲಿದ್ದ ಬುಟ್ಟಿಯಲ್ಲಿ ಸೇವಂತಿ ಕಣ್ಣು ಮುಚ್ಚಿ ಮಲಗಿತ್ತು. ಕೊಯ್ದ ದಿನ ಎಷ್ಟು ಅರಳಿತ್ತೋ ಅಷ್ಟೇ ಅರಳಿತ್ತು, ಒಂದು ಪಕಳೆ ಹೆಚ್ಚಿಲ್ಲ, ಒಂದು ಪಕಳೆ ಕಡಿಮೆ ಇಲ್ಲ. ಅದೇ ಗಿಡದ ಇನ್ನೊಂದು ಹೂವು ಇಷ್ಟೊತ್ತಿಗೆ ಉದುರಿ ಮಣ್ಣಾಗಿರಬೇಕು. ಇದಕ್ಕೆ ಮಾತ್ರ ಇನ್ನೂ ಅದೇ ದಿನ, ಅದೇ ಬೆಳಗು. ಹುಟ್ಟಿದಾಗಿನಿಂದ ಹೂವಿನ ಜೊತೆ ಬಾಳಿದ ಸಾವಂತ್ರವ್ವನಿಗೆ ಹೂವನ್ನು ಮೊದಲ ಸಲ ನೋಡಿದಂತಾಯಿತು. ಕೈ ಜೋಡಿಸಿದಳು. ಯಾರಿಗೆ ಎಂದು ಅವಳಿಗೇ ತಿಳಿಯಲಿಲ್ಲ.

"ಈ ಬುಟ್ಟಿ ಯಾರು ತಂದದ್ದು?" ಎಂದು ಪಿಸುಮಾತಿನಲ್ಲಿ ಕೇಳಿದಳು. ಅಲ್ಲಿ ಜೋರಾಗಿ ಮಾತಾಡಲು ಮನಸ್ಸು ಬರಲಿಲ್ಲ.

"ಏಕನಾಥ. ಅವತ್ತ ಅವನ ಗಾಡಿ ತಡಾ ಆತಲ್ಲ, ಮನಿಗೆ ಬರದ ಸೀದಾ ಇಲ್ಲೇ ಇಳಿಸಿ ಹೋದ."

ಮನೆಗೆ ಬರದೆ ಸೀದಾ. ಸಾವಂತ್ರವ್ವ ಹೂವನ್ನು ಮುಟ್ಟಿದಳು: ಹನಿಯಿಲ್ಲದ ಪಕಳೆ, ತಣ್ಣಗೆ. ಪಕ್ಕದ ಕೊಳೆತ ಬುಟ್ಟಿಗೆ ಕೈ ಹಾಕಿದಳು: ಒಂದೊಂದು ಹೂವಿನ ನಡುವೆಯೂ ಹನಿ ಹಾಗೇ ನಿಂತಿತ್ತು. ಹೊರಗಿನ ಗಾಳಿಯಲ್ಲಿ ಒಂದು ಗಳಿಗೆಗೆ ಆರಿಹೋಗುವ ನೀರು ಈ ಮುಚ್ಚಿದ ಖೋಲಿಯಲ್ಲಿ ಆರುವುದಿಲ್ಲ. ಅವಳಿಗೆ ಎಲ್ಲ ತಿಳಿಯಿತು. ಹೂವು ಕೊಳೆಸಿದ್ದು ಅತ್ತೆಯ ಕೈನೀರು.

"ಇದನ್ನ ಯವ್ವಗ ಯಾರು ಹೇಳೋರು?" ಎಂದ ನಿಜಲಿಂಗಪ್ಪ.

"ನೀ ಅಂತೂ ಹೇಳಬ್ಯಾಡ."

ಅವತ್ತು ಸಂಜೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮಾಡಿದಳು. ಎಲ್ಲ ಅತ್ತೆಗೆ ಸೇರುವ ಅಡುಗೆ. ಬಸವಣ್ಣೆವ್ವ ಉಂಡಳು, ಅಡಕೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಸೊಸೆಯನ್ನೇ ನೋಡುತ್ತ, "ಪಲ್ಯಾ ಇಷ್ಟ ರುಚಿ ಆಗೇದ ಅಂದ್ರ ಏನೋ ಕೆಟ್ಟ ಸುದ್ದಿ ಅದ. ಹೇಳಿಬಿಡು" ಎಂದಳು.

ಸಾವಂತ್ರವ್ವ ಹೇಳಿದಳು. ಬಳಸಿ ಹೇಳಲು ಹೋಗಿ ಮಾತು ಸಿಕ್ಕುಬಿದ್ದು ಕಡೆಗೆ ನೇರವಾಗಿಯೇ ಹೇಳಿದಳು. ಶಿವಪುತ್ರಪ್ಪ ಗಾಬರಿಯಾಗಿ ಹೆಂಡತಿಗೆ ಸನ್ನೆ ಮಾಡಿದ.

"ಅಂದ್ರ ನನ್ನ ಕೈ ಹತ್ತಿದ ಹೂ ಕೊಳೀತದ ಅಂತಿ."

"ಕೈ ಅಲ್ರಿ ಅತ್ತಿ. ನೀರು."

"ನನ್ನ ಅತ್ತಿ ಚಿಮುಕಿಸಿದ್ಲು, ಅಕಿ ಅತ್ತಿ ಚಿಮುಕಿಸಿದ್ಲು. ಅವರ ಹೂ ಎಲ್ಲಾ ಕೊಳತ್ವೇನು?"

"ಅವರ ಹೂ ಅವತ್ತಿಂದ ಅವತ್ತ ಹೋಗ್ತಿತ್ತು. ಇದು ಮಲಗೂ ಹೂ. ಮಲಗೂ ಕೂಸಿನ ತಲಿ ಹಸಿ ಇರಬಾರದು ಅಂತ ನೀವ ನನಗ ಹೇಳಿದ್ರಿ, ಈ ನಿಂಗಪ್ಪಗ ಎರೆಯಾಕ ಕಲಿಸುಮುಂದ."

ಬಸವಣ್ಣೆವ್ವ ಅಡಕೆ ಅಗಿಯುವುದನ್ನು ನಿಲ್ಲಿಸಿದಳು. ಎದ್ದು ಒಳಗೆ ಹೋದಳು. ಮರುದಿನ ಮುಖ ಬಿಗಿದುಕೊಂಡು ಬಚ್ಚಲಲ್ಲಿ ಪಾತ್ರೆ ಕುಕ್ಕಿದಳು, ಚಹಾ ಕುಡಿಯಲಿಲ್ಲ, ಹಿರಿಮಗ ಮಾತಾಡಿಸಿದರೆ ಗೋಡೆಗೆ ಉತ್ತರ ಕೊಟ್ಟಳು. ಪಕ್ಷಮಾಸ ಮುಗಿಯುತ್ತ ಬಂದಿತ್ತು. ಗಿಡದಲ್ಲಿ ಉಳಿದದ್ದನ್ನೆಲ್ಲ ಕೊಯ್ದು ಏಕನಾಥ ಕಡೆಯ ಗಾಡಿ ತಂದ. "ಆತಾ ಸಂಪಲಂ, ವಹಿನೀ" ಎಂದ; ಇನ್ನು ಹೊಲದಲ್ಲಿ ಏನೂ ಇಲ್ಲ. ಈ ಸಲ ಕೆಟ್ಟರೆ ಮತ್ತೆ ಮಾಡಿ ನೋಡಲು ಹೂವೇ ಇಲ್ಲ, ನಿಜಲಿಂಗಪ್ಪನನ್ನು ತಡೆಯಲು ದಾರಿಯೂ ಇಲ್ಲ. ಸಾವಂತ್ರವ್ವ ಒಂದೊಂದು ಕಟ್ಟನ್ನೂ ನೆರಳಿಗೆ ಹರವಿ, ಬೆಳಗಿನ ಇಬ್ಬನಿ ಆರಿಸಿ, ಹಳೆಯ ಕಾಗದದಲ್ಲಿ ಸುತ್ತಿದಳು. ಬುಟ್ಟಿಗಳು ಹೊಸ್ತಿಲ ಹತ್ತಿರ ಬಂದವು. ಬಸವಣ್ಣೆವ್ವ ಅಲ್ಲೇ ನಿಂತಿದ್ದಳು. ಕೈ ತಾನಾಗಿ ತಂಬಿಗೆಯ ಕಡೆ ಹೋಯಿತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಬುಟ್ಟಿಗಳೆಲ್ಲ ಹೊರಗೆ ಹೋಗುವವರೆಗೂ ಹಾಗೇ ನಿಂತಳು. ಬೈಗುಳಕ್ಕೆ ಹೆದರದ ಸಾವಂತ್ರವ್ವ ಅತ್ತೆಯನ್ನು ಆ ಸ್ಥಿತಿಯಲ್ಲಿ ಕಂಡು ಹೆದರಿದಳು.

ನವರಾತ್ರಿ ಬಂತು. ಮಂಡಈಯಲ್ಲಿ ಹೂವಿಗೆ ದಿನದಿನಕ್ಕೆ ಬರ. ಖಂಡೇನವಮಿಯ ಬೆಳಗ್ಗೆ ನಿಜಲಿಂಗಪ್ಪ ತನ್ನ ಯಂತ್ರಕ್ಕೆ ಕುಂಕುಮ ಹಚ್ಚಿ ಪೂಜೆ ಮುಗಿಸಿ, ಥಂಡಿ ಖೋಲಿಯಿಂದ ಒಂದು ಬುಟ್ಟಿ ಹೊತ್ತು ಟಾಂಗಾದಲ್ಲಿ ಮನೆಗೆ ಬಂದ. ಕಾಗದ ಬಿಚ್ಚುವಾಗ ಎಲ್ಲರೂ ಸುತ್ತ ಕೂತಿದ್ದರು. ಹೂವು ಕೊಳೆತಿರಲಿಲ್ಲ, ಕಪ್ಪಾಗಿರಲಿಲ್ಲ. ಆದರೆ ಎತ್ತಿ ಹಿಡಿದ ಕೂಡಲೇ ಎಲ್ಲದರ ಕತ್ತು ಜೋತುಬಿತ್ತು. ಎಲೆ ಮೆತ್ತಗೆ, ದಂಟು ಮೆತ್ತಗೆ.

"ಆತಲ್ಲ" ಎಂದ ಶಿವಪುತ್ರಪ್ಪ. "ಇದನ್ನ ಯಾರ ಮುಂದ ಇಡಲಿ ನಾ? ಮಠಕ್ಕ ಇದನ್ನ ಒಯ್ಯಲೇನು? ಎಷ್ಟ ಹೇಳಿದೆ ನಿನಗ, ಕೇಳಿದೇನು?"

"ನೀವ ಅಲ್ಲೇನ್ರಿ ಮದಲ ಹ್ಞೂಂ ಅಂದದ್ದು?"

"ಹ್ಞೂಂ ಅಂದದ್ದ ತಪ್ಪಾತು."

ನಿಜಲಿಂಗಪ್ಪ ಎದ್ದ. ಮೂಲೆಯಲ್ಲಿದ್ದ ತನ್ನ ಟ್ರಂಕು ಎಳೆದು ಬಟ್ಟೆ ತುಂಬತೊಡಗಿದ. ಸಾವಂತ್ರವ್ವನಿಗೆ ಕಣ್ಣು ಮಂಜಾಯಿತು. ಆಗ ಬಸವಣ್ಣೆವ್ವ ಬಗ್ಗಿ ಒಂದು ಹೂವನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ಇದು ಸತ್ತಿಲ್ಲ" ಎಂದಳು. "ಚಳಿ ಹತ್ತೇದ. ಸಾವಂತ್ರಿ, ನೀರು ಕಾಸು."

"ಅತ್ತಿ, ನೀರು…"

"ತಲಿಗೆ ಹಾಕಬ್ಯಾಡ ಅಂದಿ, ಹಾಕಲಿಲ್ಲ. ಕಾಲಿಗೆ ಹಾಕಬ್ಯಾಡ ಅಂದೀಯೇನು? ಉಗುರುಬೆಚ್ಚಗ ಇರಲಿ, ಸುಡಬಾರದು. ಇಳಿಗಿ ತಾ ಇಲ್ಲೆ."

ಮುದುಕಿ ಕಾಲು ಚಾಚಿ ಕೂತು ಒಂದೊಂದೇ ದಂಟಿನ ತುದಿಯನ್ನು ಇಳಿಗೆಯ ಮೇಲೆ ಓರೆಯಾಗಿ ಕತ್ತರಿಸಿದಳು. ಒಣಗಿ ಮುಚ್ಚಿದ ತುದಿ ಉದುರಿ ಹಸಿರು ಹೊರಬಿತ್ತು. ಸಾವಂತ್ರವ್ವ ಅವನ್ನು ಬೆಚ್ಚಗಿನ ನೀರಿನ ಹಂಡೆಯಲ್ಲಿ ನಿಲ್ಲಿಸಿದಳು. ನಿಲ್ಲಿಸುವುದೆಲ್ಲಿ ಬಂತು, ಎಲ್ಲ ಹಂಡೆಯ ಅಂಚಿಗೆ ತಲೆ ಹಾಕಿ ಜೋತಾಡಿದವು. ಶಿವಪುತ್ರಪ್ಪ ಬೀಡಿ ಹಚ್ಚಿ ಹೊರಗೆ ಹೋದ. ಸೊಸೆ ಒಲೆಯ ಮೇಲೆ ಹೂರಣಕ್ಕೆ ಬೇಳೆ ಇಟ್ಟಳು. ಹಬ್ಬದ ಕೆಲಸ ಯಾರಿಗಾಗಿಯೂ ನಿಲ್ಲುವುದಿಲ್ಲ.

ಬೇಳೆ ಬೆಂದು ಬಸಿಯುವ ಹೊತ್ತಿಗೆ ಹಿಂದಿನಿಂದ ನಿಜಲಿಂಗಪ್ಪ "ವೈನಿ" ಎಂದ. ಅವನ ದನಿ ಎಂದಿನಂತಿರಲಿಲ್ಲ.

ಹಂಡೆಯಲ್ಲಿ ಒಂದು ಹೂವು ಎದ್ದು ನಿಂತಿತ್ತು. ಅವರು ನೋಡುತ್ತಿದ್ದ ಹಾಗೆಯೇ ಅದರ ಪಕ್ಕದ್ದು ಕತ್ತು ಅಲುಗಿಸಿತು. ಗಾಳಿ ಇರಲಿಲ್ಲ, ಯಾರೂ ಮುಟ್ಟಿರಲಿಲ್ಲ. ದಂಟಿನೊಳಗೆ ನೀರು ಏರುವುದು ಕಣ್ಣಿಗೆ ಕಾಣುವುದಿಲ್ಲ, ಆದರೆ ತಲೆ ಏರುವುದು ಕಾಣುತ್ತಿತ್ತು. ಒಂದಾದ ಮೇಲೊಂದು, ನಿದ್ದೆ ತಿಳಿದ ಮಕ್ಕಳು ಎದ್ದು ಕೂಡುವಂತೆ, ಹಂಡೆ ತುಂಬ ಸೇವಂತಿ ಎದ್ದು ನಿಂತು ಬಾಗಿಲಿನ ಬೆಳಕಿನ ಕಡೆ ಮುಖ ಮಾಡಿತು. ಖೋಲಿಯೊಳಗೆ ಅದರ ಕಹಿಗಂಪು ಹಬ್ಬಿತು. ಒಳಗೆ ಬಂದ ಶಿವಪುತ್ರಪ್ಪ ಬೀಡಿ ಹೊಸಕಿ ಕೈ ಮುಗಿದ. ಬಸವಣ್ಣೆವ್ವ ಕೂತಲ್ಲಿಂದ ಏಳಲಿಲ್ಲ, ಅವಳ ಬಾಯಿ ತೆರೆದೇ ಇತ್ತು. "ಹೊಲದಾಗ ಹುಟ್ಟಿದ್ದನ್ನ ನೋಡೀನಿ" ಎಂದಳು ಕಡೆಗೆ. "ಮನ್ಯಾಗ ಎರಡನೆ ಸಲ ಹುಟ್ಟಿದ್ದನ್ನ ನೋಡಿರಲಿಲ್ಲ."

ಆದರೆ ಗದ್ದಿಗೆ ಏರುವ ಮಾತು ಇನ್ನೂ ಉಳಿದಿತ್ತು. ಅವತ್ತೇ ನಾಲ್ವರೂ ಮಠಕ್ಕೆ ಹೋಗಿ ಅಯ್ಯನವರ ಮುಂದೆ ಬುಟ್ಟಿ ಇಟ್ಟಾಗ ಅವರಿಗೆ ಬಹಳ ಸಂತೋಷವಾಯಿತು. ಊರಲ್ಲೆಲ್ಲೂ ಇಲ್ಲದ ಸೇವಂತಿ ಎಲ್ಲಿಂದ ಬಂತು, ಇವತ್ತು ಕೊಯ್ದದ್ದೇ ಎಂದು ಕೇಳಿದರು. ಹೌದು ಎಂದುಬಿಡಲು ಶಿವಪುತ್ರಪ್ಪ ಬಾಯಿ ತೆರೆದ.

"ಇಲ್ರಿ ಅಯ್ಯಾರ, ಪಕ್ಷದಾಗ ಕೊಯ್ದದ್ದು" ಎಂದಳು ಬಸವಣ್ಣೆವ್ವ. "ಯೆರವಡಾ ಬರ್ಫದ ಕಾರಖಾನ್ಯಾಗ ಇಟ್ಟಿದ್ವಿ."

ಸಾವಂತ್ರವ್ವ ಅತ್ತೆಯ ಸೆರಗು ಜಗ್ಗಿದಳು. ಸುಳ್ಳು ಹೇಳಿದ್ದರೆ ಮುದುಕಿಯ ಗಂಟೇನು ಹೋಗುತ್ತಿತ್ತು? ಅಯ್ಯನವರು ಬುಟ್ಟಿಯಿಂದ ಕೈ ತೆಗೆದರು.

"ಹಂಗಾದ್ರ ತಂಗಳ ಹೂ ಆತಲ್ಲವ್ವಾ. ಏರಸಾಕ ಬರಂಗಿಲ್ಲ."

"ಹೂಗಾರರ ಮನ್ಯಾಗಿನ ಹೂವಿಗೆ ತಂಗಳ ದೋಷ ಇಲ್ಲ ಅಂತಾರಲ್ರಿ?"

"ಖರೆ. ಎಷ್ಟ ದಿನ ಇದ್ರೂ ದೋಷ ಇಲ್ಲ. ಆದ್ರ ಇದು ನಿಮ್ಮ ಮನ್ಯಾಗ ಇರಲಿಲ್ಲ, ಕಾರಖಾನ್ಯಾಗ ಇತ್ತು."

"ಅಲ್ಲಿ ನನ್ನ ಮಗ ಅದಾನ. ಅಂವ ಹೂಗಾರ."

ನಿಜಲಿಂಗಪ್ಪ ತಲೆ ಎತ್ತಿದ. ಆ ಮಾತನ್ನು ತಾಯಿಯ ಬಾಯಿಂದ ಅವನು ಕೇಳಿ ಎಷ್ಟೋ ಕಾಲವಾಗಿತ್ತು. ಅಯ್ಯನವರು ಬುಟ್ಟಿಯ ಕಡೆ ಮತ್ತೊಮ್ಮೆ ನೋಡಿದರು. ಅವರಿಗೂ ಹೂವಿನ ಮೇಲೆ ಮನಸ್ಸಿತ್ತು.

"ಮನಿ ಅಂದ್ರ ಒಲಿ ಇರಬೇಕು. ಅಲ್ಲಿ ಒಲಿ ಅದ ಏನು?"

"ಉಳದ ಹೂ ಇನ್ನಾ ಅಲ್ಲೇ ಅದರಿ, ತಗದಿಲ್ಲ" ಎಂದು ಬಸವಣ್ಣೆವ್ವ ಎದ್ದು ನಿಂತಳು. "ನಾಳೆ ದಸರಾಕ್ಕ ಅದು ಹೂಗಾರರ ಮನಿಯಿಂದ ಬರತದ." ಅಯ್ಯನವರು ಆಗಲಿ ಎಂದರು.

ಮನೆಗೆ ಬಂದವಳು ಒಂದು ಗಳಿಗೆ ಕೂಡಲಿಲ್ಲ. ಪಾತ್ರೆ, ಹಿಟ್ಟು, ಬೆಲ್ಲ, ಬೆಂದ ಬೇಳೆ ಬುಟ್ಟಿಗೆ ತುಂಬಿ, ಮಣ್ಣಿನ ಒಲೆಯ ಜೊತೆ ಟಾಂಗಾಕ್ಕೆ ಏರಿಸಿದಳು. ಶಿವಪುತ್ರಪ್ಪ ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡು ಕಟ್ಟಿಗೆ ಹೊತ್ತ. ನಾಲ್ವರೂ ಸೇತುವೆ ದಾಟಿದರು.

ಥಂಡಿ ಖೋಲಿಯ ಬಾಗಿಲು ತೆರೆದಾಗ ಬಸವಣ್ಣೆವ್ವ ಕಂಬಳಿ ಬೇಡವೆಂದಳು. ಬರಿಗಾಲಲ್ಲಿ ಒಳಗೆ ನಡೆದಳು. ಕಂದೀಲ ಬೆಳಕಿನಲ್ಲಿ ಹಲಗೆಯ ಮೇಲೆ ಹಲಗೆ, ಬುಟ್ಟಿಯ ಪಕ್ಕ ಬುಟ್ಟಿ, ಕಾಗದದ ಒಳಗೆ ಮಲಗಿದ ಹೂವು. ಮುದುಕಿಯ ಉಸಿರು ಬಿಳಿಯಾಗಿ ಹೊರಬಂತು. ಒಂದು ಕಟ್ಟಿನ ಕಾಗದ ಸರಿಸಿ ನೋಡಿದಳು, ಮತ್ತೆ ಜೋಪಾನವಾಗಿ ಮುಚ್ಚಿದಳು. ಇಷ್ಟು ವರ್ಷ ಬಾಡುವ ಹೂವಿನ ಬೆನ್ನು ಹತ್ತಿ ನಸುಕಿನಿಂದ ಸಂಜೆಯವರೆಗೆ ಓಡಿದ ಹೆಂಗಸು. ಇಲ್ಲಿ ಯಾವ ಹೂವಿಗೂ ಅವಸರವಿರಲಿಲ್ಲ. ಅವಳ ಕಣ್ಣಿಂದ ನೀರು ಇಳಿದದ್ದನ್ನು ಮೂವರೂ ನೋಡಿದರು, ಮೂವರೂ ಬೇರೆ ಕಡೆ ಮುಖ ತಿರುಗಿಸಿದರು.

"ಇಷ್ಟ ದಿನ ಇವನ್ನ ಒಬ್ಬನ ಕಾಯ್ದೀಯೇನು?" ಎಂದು ಮಗನನ್ನು ಕೇಳಿದಳು.

"ಹೌದಬೇ."

"ನಿನ್ನ ಖೋಲಿ ಎಲ್ಲಿ?"

ಚಾಳಿನ ಕೊನೆಯ ಖೋಲಿ ಅದು. ಅದರ ಗೋಡೆ ಥಂಡಿ ಖೋಲಿಯ ಗೋಡೆಗೇ ಹತ್ತಿತ್ತು. ಬಸವಣ್ಣೆವ್ವ ಕಸ ಹೊಡೆದಳು, ನೆಲ ಸಾರಿಸಿದಳು, ಮೂಲೆಯಲ್ಲಿ ಒಲೆ ಹೂಡಿ ಹಾಲು ಉಕ್ಕಿಸಿದಳು. ಆ ಗೋಡೆಯ ಈಚೆ ಬೆಂಕಿ, ಆಚೆ ಹಿಮ. ಸಾವಂತ್ರವ್ವ ಹೋಳಿಗೆ ಬೇಯಿಸಿ ಬಡಿಸಿದಳು. ಮುದುಕಿ ನಿಜಲಿಂಗಪ್ಪನ ಪಕ್ಕಕ್ಕೆ ಮಣೆ ಹಾಕಿಕೊಂಡು ಕೂತು, ತನ್ನ ತಾಟಿನ ತುಪ್ಪವನ್ನು ಅವನ ತಾಟಿಗೆ ಬಗ್ಗಿಸಿದಳು. ಅವನು ಹೋಳಿಗೆ ಮುರಿದು ಆ ತುಪ್ಪದಲ್ಲಿ ಅದ್ದಿದ. ಗೆದ್ದೆ ಎಂದುಕೊಂಡಳು ಸಾವಂತ್ರವ್ವ.

ಊಟ ಮುಗಿದು ಅವಳು ಪಾತ್ರೆ ಕಟ್ಟತೊಡಗಿದಾಗ ಬಸವಣ್ಣೆವ್ವ ಕೈ ಅಡ್ಡ ಹಿಡಿದಳು.

"ಅವು ಇಲ್ಲೇ ಇರಲಿ. ಒಂದ ದಿನ ಒಲಿ ಹಚ್ಚಿ ಆರಿಸಿದ್ರ ಮನಿ ಆಗಂಗಿಲ್ಲ. ನಾ ಇವನ ಕೂಡ ಇಲ್ಲೇ ಇರತೀನಿ. ಅಲ್ಲಿ ಮನಿ ನೀ ನೋಡಕೋ."

"ಅತ್ತಿ, ಅಂವ ಮನ್ಯಾಗ ಇರಲಿ ಅಂತ ಅಲ್ಲೇನ್ರಿ ನಾ ಇಷ್ಟೆಲ್ಲಾ ಬಡದಾಡಿದ್ದು?"

"ಮನ್ಯಾಗ ಅದಾನಲ್ಲ" ಎಂದಳು ಬಸವಣ್ಣೆವ್ವ.

ಸಾವಂತ್ರವ್ವ ಕಟ್ಟಿದ ಪಾತ್ರೆಗಳನ್ನು ಬಿಚ್ಚಿ ಒಲೆಯ ಪಕ್ಕಕ್ಕೆ ಜೋಡಿಸಿ, ಖಾಲಿ ಬುಟ್ಟಿ ಎತ್ತಿಕೊಂಡಳು. ನಿಜಲಿಂಗಪ್ಪ ಬಾಗಿಲವರೆಗೆ ಬಂದು, "ನಸುಕಿನಾಗ ಬರ್ರಿ ವೈನಿ, ಹೂ ಮದಲ ನಿಮ್ಮ ಕೈಗೇ ಕೊಡತೀನಿ" ಎಂದ. ಅವಳು ತಲೆಯಾಡಿಸಿ ಗಂಡನ ಹಿಂದೆ ಹೊರಟಳು.

ಸೇತುವೆಯ ನಡುವೆ ಬಂದಾಗ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು. ಶಿವಪುತ್ರಪ್ಪ ತಿರುಗಿ ನೋಡಿದ.

"ಯಾಕ ಅಳತಿ? ನೀ ಅಂದಂಗ ಆತಲ್ಲ. ಹೂ ಏರತದ, ಯವ್ವ ಅವನ ಕೂಡ ಉಂಡ್ಲು."

"ಹೌದ್ರಿ" ಎಂದಳು. "ನಾ ಅಂದಂಗ ಆತು. ನಾಳಿಯಿಂದ ನಾ ಯಾರಿಗೆ ರೊಟ್ಟಿ ಬಡೀಲಿ?"

ಶಿವಪುತ್ರಪ್ಪ ಅವಳ ಕಂಕುಳಲ್ಲಿದ್ದ ಖಾಲಿ ಬುಟ್ಟಿಯನ್ನು ಇಸಿದುಕೊಂಡು, ಅವಳು ಬರುವವರೆಗೂ ಅಲ್ಲೇ ಕಾದು ನಿಂತ.